ಎತ್ತರಕ್ಕೆ ತಕ್ಕ ತೂಕ : ಒಂದು ಅಳತೆಯ ಚರಿತ್ರೆ

ಎತ್ತರಕ್ಕೆ ತಕ್ಕ ತೂಕವೆಷ್ಟು ಎಂಬುದು ವೈದ್ಯರಿಗೆ ಸೇರಿದ ಪ್ರಶ್ನೆ. ಚರಿತ್ರೆಯ ಅಧ್ಯಾಪಕನಿಗೆ ಇದರಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಇಂದು ವೈದ್ಯರು ಬಳಸುವ ಸೂತ್ರವು ವೈದ್ಯಶಾಲೆಯಲ್ಲಿ ಹುಟ್ಟಿದುದಲ್ಲ. ಅದನ್ನು ಮೊದಲು ಕಂಡವನು ಒಬ್ಬ ಖಗೋಳಶಾಸ್ತ್ರಜ್ಞ. ತೂಕವನ್ನು ಆಯುಸ್ಸಿನೊಡನೆ ಜೋಡಿಸಿ ಕೋಷ್ಟಕಗಳನ್ನು ಕಟ್ಟಿದವರು ವಿಮಾ ಕಂಪೆನಿಗಳ ಲೆಕ್ಕಿಗರು. ಯಾವ ಅಂಕಿ ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೆಂಬುದನ್ನು ಅರಿಯದೆ ಬಳಸಿದರೆ, ಆರೋಗ್ಯವಂತನನ್ನು ರೋಗಿಯೆಂದೂ ರೋಗದ ಹೊಸ್ತಿಲಲ್ಲಿ ನಿಂತವನನ್ನು ಆರೋಗ್ಯವಂತನೆಂದೂ ಎಣಿಸುವ ಅಪಾಯವಿದೆ.

ಸೂತ್ರವೇನೋ ಸರಳವಾದುದು. ತೂಕವನ್ನು ಕಿಲೋಗ್ರಾಂಗಳಲ್ಲಿಯೂ ಎತ್ತರವನ್ನು ಮೀಟರುಗಳಲ್ಲಿಯೂ ಅಳೆದು, ತೂಕವನ್ನು ಎತ್ತರದ ವರ್ಗದಿಂದ ಭಾಗಿಸತಕ್ಕದ್ದು. ಬಂದ ಲಬ್ಧವೇ ದೇಹತೂಕದ ಸೂಚ್ಯಂಕ. ಇಲ್ಲಿ ವರ್ಗವೇ ಏಕೆ ಎಂಬ ಸಂದೇಹ ಗಣಿತ ಬಲ್ಲ ವಿದ್ಯಾರ್ಥಿಗೆ ಬಾರದೆ ಇರದು. ಒಂದೇ ಆಕಾರದ ಎರಡು ಕೊಡಗಳಲ್ಲಿ ಒಂದು ಇನ್ನೊಂದಕ್ಕಿಂತ ಹತ್ತನೆಯ ಒಂದು ಪಾಲು ಎತ್ತರವಾಗಿದ್ದರೆ, ಅದು ಹಿಡಿಯುವ ನೀರು ಎತ್ತರದ ಘನವನ್ನು ಅನುಸರಿಸಿ 1.33ರಷ್ಟು ಆಗುತ್ತದೆ. ಮನುಷ್ಯನೂ ಕೊಡದಂತೆ ಬೆಳೆಯುವುದಾದರೆ, 150 ಸೆಂಟಿಮೀಟರ್ ಎತ್ತರಕ್ಕೆ 50 ಕಿಲೋ ತೂಗುವವನ ಅಚ್ಚಿನಲ್ಲಿಯೇ 165 ಸೆಂಟಿಮೀಟರ್ ಬೆಳೆದವನು 66.5 ಕಿಲೋ ತೂಗಬೇಕು. ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ (1796–1874) ಎಂಬಾತನು ಹಲವು ಜನರ ಅಳತೆಗಳನ್ನು ಪರಿಶೀಲಿಸಿ, ವಯಸ್ಕರ ತೂಕವು ಎತ್ತರದ ಘನವನ್ನಲ್ಲ, ಹೆಚ್ಚುಕಡಮೆ ವರ್ಗವನ್ನು ಅನುಸರಿಸುತ್ತದೆಂದು ಕಂಡುಕೊಂಡನು. ಹಾಗಾದರೆ ಮೇಲಿನ ಲೆಕ್ಕ 60.5 ಕಿಲೋಗೆ ಇಳಿಯುತ್ತದೆ. ಎತ್ತರದವರು ಎತ್ತರಕ್ಕೆ ತಕ್ಕಷ್ಟು ಅಗಲವಾಗುವುದಿಲ್ಲವೆಂಬುದೇ ಇದರ ತಾತ್ಪರ್ಯ.

ಬ್ರಸ್ಸೆಲ್ಸಿನ ವೀಕ್ಷಣಾಲಯವನ್ನು ನಡೆಸಿದ ಕೆಟ್ಲೆಗೆ ಬೊಜ್ಜಿನ ಚಿಂತೆ ಇರಲಿಲ್ಲ. 1835ರಲ್ಲಿ ಪ್ರಕಟವಾದ ಅವನ ಗ್ರಂಥದ ನಾಯಕನು 'ಸರಾಸರಿ ಮನುಷ್ಯ'. ನಕ್ಷತ್ರವೊಂದರ ಸ್ಥಾನವನ್ನು ಹಲವು ಸಲ ಅಳೆದಾಗ ತಪ್ಪುಗಳು ನಿಜವಾದ ಸ್ಥಾನದ ಸುತ್ತ ಮುತ್ತಿಕೊಳ್ಳುವಂತೆ, ಮನುಷ್ಯರ ಅಳತೆಗಳೂ ಒಂದು ಮಧ್ಯಬಿಂದುವಿನ ಸುತ್ತ ಕೂಡಿಕೊಳ್ಳುತ್ತವೆಂಬುದು ಅವನ ಮತ. ಸಮಾಜದ ಲೆಕ್ಕಕ್ಕಾಗಿ ಹುಟ್ಟಿದ ಸೂತ್ರ ಮುಂದೆ ಒಬ್ಬೊಬ್ಬನ ತೀರ್ಪಿಗೆ ಸಾಧನವಾದುದು ಚರಿತ್ರೆಯ ವಿನೋದಗಳಲ್ಲೊಂದು.

ವಿಮಾ ಕಂಪೆನಿಗಳ ಪ್ರಶ್ನೆ ಬೇರೆ: ಯಾರು ಬೇಗ ಸಾಯುತ್ತಾರೆ? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಲೈಫ್ ಕಂಪೆನಿಯು 1942–43ರಲ್ಲಿ ಪ್ರಕಟಿಸಿದ ಕೋಷ್ಟಕಗಳಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಬಗೆಯ ಮೈಕಟ್ಟುಗಳಿದ್ದುವು. ತನ್ನದು ಯಾವ ಮೈಕಟ್ಟೆಂಬುದನ್ನು ಅಳೆದು ತಿಳಿಯುವ ಬಗೆಯನ್ನು ಮಾತ್ರ ಹೇಳಿರಲಿಲ್ಲ. ದೊಡ್ಡ ಮೈಕಟ್ಟು ತನ್ನದೆಂದುಕೊಂಡು ಸಮಾಧಾನಪಟ್ಟವರು ಎಷ್ಟು ಮಂದಿಯೋ! 1959ರ ಪರಿಷ್ಕೃತ ಕೋಷ್ಟಕದಲ್ಲಿ ಬಟ್ಟೆ ತೊಟ್ಟು ಬೂಟು ಮೆಟ್ಟಿದವರ ಅಳತೆಗಳಿದ್ದುವು. ಅಮೆರಿಕದಲ್ಲಿ ವಿಮೆ ಕೊಳ್ಳಬಲ್ಲವರ ಲೆಕ್ಕವೇ ಇದಾದುದರಿಂದ, ಇದು ಎಲ್ಲ ಜನಕ್ಕೂ ಹೊಂದುವುದೆಂದು ತಿಳಿಯಲು ಆಧಾರವಿಲ್ಲ.

1972ರಲ್ಲಿ ಆನ್ಸೆಲ್ ಕೀಸ್ ಮತ್ತು ಅವರ ಸಂಗಡಿಗರು ಐದು ದೇಶಗಳ ಏಳು ಸಾವಿರಕ್ಕೂ ಮಿಕ್ಕ ಗಂಡಸರ ಅಳತೆಗಳನ್ನು ಇಟ್ಟುಕೊಂಡು ಬೇರೆಬೇರೆ ಸೂತ್ರಗಳನ್ನು ಹೋಲಿಸಿ, ಕೆಟ್ಲೆಯ ಸೂತ್ರವನ್ನೇ ಆರಿಸಿಕೊಂಡು ಅದಕ್ಕೆ ಇಂದಿನ ಹೆಸರನ್ನಿಟ್ಟರು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 18.5, 25, 30 ಎಂಬ ಎಲ್ಲೆಗಳನ್ನು ಮುಂದಿಟ್ಟರು. ಅಮೆರಿಕದಲ್ಲಿ ಗಂಡಸರಿಗೆ 27.8, ಹೆಂಗಸರಿಗೆ 27.3 ಇದ್ದ ಎಲ್ಲೆಯನ್ನು 1998ರಲ್ಲಿ 25ಕ್ಕೆ ಇಳಿಸಿದಾಗ, ಎರಡು ಕೋಟಿಗೂ ಹೆಚ್ಚು ಜನರು ಒಂದು ಗುಂಜಿಯೂ ತೂಕ ಹೆಚ್ಚದೆ ಅತಿತೂಕದವರಾದರು.

ನಮ್ಮ ದೇಶದ ಸಂಗತಿ ಇನ್ನೂ ವಿಚಾರಾರ್ಹವಾದುದು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಇವರಿಬ್ಬರ ಸೂಚ್ಯಂಕವೂ 22.3. ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ನರದು ನೂರಕ್ಕೆ 9.1, ಯಾಜ್ಞಿಕರದು ನೂರಕ್ಕೆ 21.2! ಇದನ್ನು ಅವರೇ 2004ರಲ್ಲಿ ಪ್ರಕಟಿಸಿದರು. ತಕ್ಕಡಿಗೆ ಮಾಂಸ ಯಾವುದು, ಕೊಬ್ಬು ಯಾವುದು ಎಂದು ತಿಳಿಯದು. ತೆಳ್ಳಗೆ ಕಾಣುವ ಭಾರತೀಯನ ದೇಹದಲ್ಲಿ ಸ್ನಾಯು ಕಡಮೆಯಾಗಿ, ಕೊಬ್ಬು ಹೊಟ್ಟೆಯಲ್ಲಿ ಅಡಗಿರುವುದುಂಟು; ಸಿಹಿಮೂತ್ರರೋಗಕ್ಕೆ ಇದು ದಾರಿ.

ಈ ಲಕ್ಷಣದ ಬೇರು ಎಲ್ಲಿದೆಯೆಂದು ಅರಸಿದವರಿಗೆ ನೆರವಾದುದರಲ್ಲಿ ಮೈಸೂರಿನ ಒಂದು ದಾಖಲೆಯೂ ಸೇರಿದೆ. ಊರಿನವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕವನ್ನೂ ಉದ್ದವನ್ನೂ ಬರೆದಿಟ್ಟಿದ್ದರು. ಆ ಶಿಶುಗಳಲ್ಲಿ ಐನೂರರಷ್ಟು ಮಂದಿಯನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ಫಲವು 1998ರಲ್ಲಿ ಹೊರಬಂದಿತು. ಹುಟ್ಟುವಾಗ ಗಿಡ್ಡವಾಗಿ ದುಂಡಗಿದ್ದವರಲ್ಲಿಯೂ ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿಯೂ ಸಿಹಿಮೂತ್ರ ಹೆಚ್ಚಾಗಿತ್ತು. ಈ ಶಿಶುಗಳ ದುಂಡುತನವನ್ನು ಅಳೆದುದು ತೂಕವನ್ನು ಉದ್ದದ ಘನದಿಂದ ಭಾಗಿಸಿ. ಎಳೆಗೂಸಿಗೆ ಕೆಟ್ಲೆಯ ವರ್ಗ ಸಲ್ಲದು. ಯಾವ ಸಂಶೋಧನೆಗೆ ಬೇಕಾದೀತೆಂದು ತಿಳಿಯದೆಯೇ ದಾದಿಯರು ಶಿಸ್ತಿನಿಂದ ತುಂಬಿಸಿದ ಆ ವಹಿಗಳು ಯಾವ ಶಾಸನಕ್ಕೂ ಕಡಮೆಯಾದ ಆಕರವಲ್ಲ.

2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞಸಮಿತಿಯು ಏಷ್ಯದ ಜನರಿಗೆ 23 ಮತ್ತು 27.5 ಎಂಬ ಎಚ್ಚರಿಕೆಯ ಅಂಕಗಳನ್ನು ಸೇರಿಸಿತು. 2009ರಲ್ಲಿ ಭಾರತದ ತಜ್ಞರು 23ರಿಂದ ಅತಿತೂಕ, 25ರಿಂದ ಬೊಜ್ಜು ಎಂದು ಗೊತ್ತುಮಾಡಿದರು. 165 ಸೆಂಟಿಮೀಟರ್ ಎತ್ತರದ ಒಬ್ಬ ವಿದ್ಯಾರ್ಥಿಯನ್ನು ತೆಗೆದುಕೊಳ್ಳೋಣ. 1.65ರ ವರ್ಗ 2.7225. ಇದನ್ನು 18.5ರಿಂದ ಗುಣಿಸಿದರೆ 50.4 ಕಿಲೋ; 23ರಿಂದ ಗುಣಿಸಿದರೆ 62.6, 25ರಿಂದ 68.1. ಎಂದರೆ, 66 ಕಿಲೋ ತೂಗುವಾತನು ಲಂಡನ್ನಿನ ಕೋಷ್ಟಕದಲ್ಲಿ ಸರಿತೂಕದವನು, ಬೆಂಗಳೂರಿನ ಕೋಷ್ಟಕದಲ್ಲಿ ಅತಿತೂಕದವನು. ಎತ್ತರದ ಸೆಂಟಿಮೀಟರುಗಳಲ್ಲಿ ನೂರನ್ನು ಕಳೆಯುವ ಹಳೆಯ ರೂಢಿಯೂ ಇವನಿಗೆ 65 ಕಿಲೋ ಕೊಡುತ್ತದೆ. ನಮ್ಮವರಿಗೆ ಅದು ಉದಾರವಾದ ಲೆಕ್ಕವೆಂದೇ ನನ್ನ ಅಭಿಪ್ರಾಯ. ಗರಡಿಯಲ್ಲಿ ಸಾಮು ಮಾಡಿದವನಿಗೂ ಗರ್ಭಿಣಿಗೂ ಬೆಳೆಯುವ ಮಕ್ಕಳಿಗೂ ಈ ಎಲ್ಲೆಗಳು ಅನ್ವಯಿಸುವುದಿಲ್ಲ.

ಸೂಚ್ಯಂಕವೊಂದರಿಂದಲೇ ಬೊಜ್ಜನ್ನು ನಿರ್ಣಯಿಸಬಾರದೆಂದು 2025ರ ಜನವರಿಯಲ್ಲಿ ಅಂತರರಾಷ್ಟ್ರೀಯ ತಜ್ಞಮಂಡಲಿಯೊಂದು ಹೇಳಿತು. ಜೊತೆಗೆ ಸೊಂಟದ ಸುತ್ತಳತೆ ಬೇಕು. ಇದಕ್ಕೆ ದರ್ಜಿಯ ಟೇಪು ಸಾಕು: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪನ್ನು ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ನೋಡಬೇಕು, ಹೊಟ್ಟೆಯನ್ನು ಒಳಗೆಳೆದುಕೊಳ್ಳಬಾರದು. ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಲ್ಲೆ. ಸೂಚ್ಯಂಕ 22 ಇದ್ದರೂ ಈ ಸುತ್ತಳತೆ ಮೀರಿದವನು ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳತಕ್ಕದ್ದು.