ಘಮ್ಮೆನ್ನುವ ಮೇವು, ಮುಖ ತಿರುಗಿಸುವ ಕುರಿ

ಅಮೆರಿಕದ ಯೂಟಾ, ನೆವಾಡ, ವಯೋಮಿಂಗ್ ರಾಜ್ಯಗಳ ಒಣ ಬಯಲಲ್ಲಿ ಕಣ್ಣು ಹಾಯುವವರೆಗೂ ಸೇಜ್‌ಬ್ರಷ್ ಪೊದೆಗಳೇ. ನಮ್ಮ ದವನದ ಕುಲಕ್ಕೆ ಸೇರಿದ ಗಿಡವಿದು. ಬೂದುಹಸಿರು ಎಲೆ, ತುದಿಯಲ್ಲಿ ಮೂರು ಹಲ್ಲು. ಒಂದೆಲೆಯನ್ನು ಬೆರಳಲ್ಲಿ ಉಜ್ಜಿದರೆ ಕರ್ಪೂರದ ಘಾಟು ಮೂಗಿಗೇರುತ್ತದೆ.

ಚಳಿಗಾಲದಲ್ಲಿ ಅಲ್ಲಿನ ಹುಲ್ಲು ಒಣಗಿ ಸತ್ವ ಕಳೆದುಕೊಳ್ಳುತ್ತದೆ. ಹಸಿರಾಗಿಯೇ ಉಳಿಯುವ ಸೇಜ್‌ಬ್ರಷ್‌ನಲ್ಲಿ ಆಗಲೂ ಪ್ರೋಟೀನ್ ಅದಕ್ಕಿಂತ ಎಷ್ಟೋ ಹೆಚ್ಚು. ಆದರೂ ಕುರಿ, ದನಗಳು ನಾಲ್ಕು ಬಾಯಿ ಮೇದು ಮುಂದೆ ಹೋಗುತ್ತವೆ.

ಕಾರಣ, ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳಲ್ಲಿ ತುಂಬಿರುವ ಸುಗಂಧ ತೈಲ. ಕರ್ಪೂರ, ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್ ಮುಂತಾದ ಟರ್ಪೀನ್‌ಗಳು ಅದರಲ್ಲಿವೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ನಾರನ್ನು ಕರಗಿಸಿಕೊಡುವುದು ಸೂಕ್ಷ್ಮಜೀವಿಗಳು. ಈ ತೈಲ ಹೆಚ್ಚಾದರೆ ಅವುಗಳ ಕೆಲಸಕ್ಕೆ ತಡೆ ಬೀಳುತ್ತದೆ ಎಂದು 1964ರಲ್ಲೇ ಜಿಂಕೆಗಳ ಹೊಟ್ಟೆಯ ದ್ರವದ ಮೇಲೆ ನಡೆದ ಪ್ರಯೋಗಗಳು ತೋರಿಸಿದವು. ಜಗಿಯುವಾಗ, ತೇಗುವಾಗ ಒಂದಿಷ್ಟು ತೈಲ ಆವಿಯಾಗಿ ಹೋಗುತ್ತದೆ ನಿಜ. ಉಳಿದದ್ದು ರಕ್ತ ಸೇರುತ್ತದೆ. ಅದನ್ನು ಹೊರಹಾಕಲು ಯಕೃತ್ತು ದುಡಿಯಬೇಕು.

ಹಾಗಾದರೆ ಪ್ರಾಣಿ ಬೇಡವೆನ್ನುವುದು ವಾಸನೆಗೋ, ಹೊಟ್ಟೆಯ ಸಂಕಟಕ್ಕೋ? ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಫ್ರೆಡ್ ಪ್ರೊವೆನ್ಝಾ ಮತ್ತು ಸಂಗಡಿಗರು ದಶಕಗಳ ಕಾಲ ಈ ಪ್ರಶ್ನೆಯ ಬೆನ್ನು ಹತ್ತಿದರು. ಅವರು ಕಂಡಂತೆ, ತಿಂದ ಮೇಲೆ ಮೈಗೆ ಏನಾಯಿತೆಂಬುದನ್ನು ಪ್ರಾಣಿ ಆ ರುಚಿಯೊಂದಿಗೆ ಜೋಡಿಸಿ ನೆನಪಿಡುತ್ತದೆ. ಮೂಗು ಕಾವಲುಗಾರ ಅಷ್ಟೇ, ತೀರ್ಪು ಹೊಟ್ಟೆಯದು. ಅದಕ್ಕೇ ಬಾರ್ಲಿಯಂಥ ಪುಷ್ಟಿ ಆಹಾರವನ್ನು ಜೊತೆಗೆ ಕೊಟ್ಟಾಗ ಕುರಿಮರಿಗಳು ಸೇಜ್‌ಬ್ರಷ್ಷನ್ನು ಹೆಚ್ಚು ತಿಂದವು. ವಿಷ ಕಳೆಯುವ ಶಕ್ತಿ ಒದಗಿದರೆ ಘಾಟೂ ಸಹ್ಯವಾಗುತ್ತದೆ.

ಟೆಕ್ಸಾಸ್‌ನ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹುಲ್ಲುಗಾವಲು ನುಂಗುತ್ತಿದ್ದ, ಇಂಥದೇ ಘಾಟು ತೈಲವಿರುವ ಜುನಿಪರ್ ಗಿಡವನ್ನು ಹೆಚ್ಚು ಮೇಯುವ ಆಡುಗಳನ್ನೇ ಆರಿಸಿ ತಳಿ ಬೆಳೆಸಿದರು. ಹಾಲು ಬಿಡುವ ವಯಸ್ಸಿನಲ್ಲೇ ರುಚಿ ತೋರಿಸಿದ ಮರಿಗಳು ಆಮೇಲೆ ಅದನ್ನು ಹೆಚ್ಚು ತಿನ್ನುತ್ತವೆಂಬುದೂ ಅಲ್ಲಿನ ಪ್ರಯೋಗಗಳಲ್ಲಿ ಗೊತ್ತಾಯಿತು. ಕಳೆನಾಶಕ ಸಿಂಪಡಿಸುವುದಕ್ಕಿಂತ ಇದು ಜಾಣತನದ ದಾರಿ.

ನಮ್ಮಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಮಜ್ಜಿಗೆ ಹುಲ್ಲು. ನಾವು ಕಷಾಯಕ್ಕೆ ಹಾಕಿಕೊಳ್ಳುವ ಈ ಹುಲ್ಲನ್ನು, ಅದರ ಸಿಟ್ರಾಲ್ ಘಾಟಿನಿಂದಾಗಿ, ಬೇರೆ ಮೇವಿದ್ದರೆ ದನ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬಟ್ಟಿಯಿಳಿಸಿ ಎಣ್ಣೆ ತೆಗೆದ ಮೇಲೆ ಉಳಿಯುವ ಅದೇ ಹುಲ್ಲನ್ನು ಒಣಗಿಸಿ ಅಥವಾ ರಸಮೇವು ಮಾಡಿ ದನಗಳಿಗೆ ಹಾಕುವುದುಂಟು.