ಮಡಕೆಯಿಂದ ಬೊಕ್ಕಸದವರೆಗೆ: ಭಂಡಾರಿ ಬಂದ ದಾರಿ

ಮುಂಬೈನ ಧಾರಾವಿಯ 90 ಫೀಟ್ ರೋಡಿಗೆ ಹೊಂದಿಕೊಂಡ ಕುಂಭಾರವಾಡೆಯಲ್ಲಿ ಸೌರಾಷ್ಟ್ರ ಮೂಲದ ಕುಂಬಾರರು ಮನೆಯ ಮಗ್ಗುಲಿನ ಭಟ್ಟಿಗಳಲ್ಲಿ ಮಡಕೆ, ಹಣತೆ ಸುಡುತ್ತಾ ಬಂದಿದ್ದಾರೆ. ಸಂಸ್ಕೃತದಲ್ಲಿ ಮಡಕೆ ಎಂದರೆ ಭಾಂಡ. ಮುಂದೆ ಅದರೊಳಗಿಡುವ ಸರಕಿಗೂ ಅದೇ ಹೆಸರಾಯಿತು. ಸರಕಿಡುವ ಮನೆ ಭಾಂಡಾಗಾರ, ಅದನ್ನು ಕಾಯುವವನು ಭಾಂಡಾಗಾರಿಕ. ಪ್ರಾಕೃತದ ನಾಲಿಗೆಯಲ್ಲಿ ಸವೆದ ಈ ಉದ್ದನೆಯ ಪದವೇ ನಮ್ಮ ಭಂಡಾರಿ.

ಈ ಪದದ ಘನತೆ ತಿಳಿಯಬೇಕಾದರೆ ಶ್ರವಣಬೆಳಗೊಳಕ್ಕೆ ಹೋಗಬೇಕು. ಅಲ್ಲಿನ ಅತಿ ದೊಡ್ಡ ಬಸದಿಯನ್ನು 1159ರಲ್ಲಿ ಕಟ್ಟಿಸಿದವನು ಹೊಯ್ಸಳ ದೊರೆ ಒಂದನೆಯ ನರಸಿಂಹನ ಹಿರಿಯ ಭಂಡಾರಿ ಹುಳ್ಳರಾಜ. 24 ತೀರ್ಥಂಕರರು ಒಂದೇ ಗರ್ಭಗುಡಿಯಲ್ಲಿ ಸಾಲಾಗಿ ನಿಂತಿದ್ದಾರೆ. ಬಸದಿಗೆ ಭವ್ಯಚೂಡಾಮಣಿ ಎಂದು ಹೆಸರಿಟ್ಟವನು ಸ್ವತಃ ದೊರೆ. ಸವಣೇರು ಗ್ರಾಮವನ್ನು ದತ್ತಿ ಬಿಟ್ಟವನೂ ಅವನೇ. ಆದರೂ ಜನ ಇಂದಿಗೂ ಅದನ್ನು ಭಂಡಾರಿ ಬಸದಿ ಎಂದೇ ಕರೆಯುತ್ತಾರೆ. ವಿಷ್ಣುವರ್ಧನ, ನರಸಿಂಹ, ಇಮ್ಮಡಿ ಬಲ್ಲಾಳ ಮೂವರ ಕಾಲದಲ್ಲೂ ಹುಳ್ಳ ಸೇವೆಯಲ್ಲಿದ್ದ. ದೊರೆ ಬದಲಾದರೂ ಬೊಕ್ಕಸ ಅವನ ಕೈ ತಪ್ಪಲಿಲ್ಲವೆಂದರೆ ಆ ನಂಬಿಕೆ ಎಷ್ಟು ದೊಡ್ಡದಿರಬೇಕು!

ಅದೇ ಶತಮಾನದಲ್ಲಿ ಕಲ್ಯಾಣದ ಬಿಜ್ಜಳನ ಭಂಡಾರಿಯಾಗಿದ್ದವರು ಬಸವಣ್ಣ. ಅರಸನ ಹಣವನ್ನು ಜಂಗಮರಿಗೆ ಸುರಿದರೆಂಬ ದೂರು ಬಂದು, ಲೆಕ್ಕ ನೋಡಿದಾಗ ಬೊಕ್ಕಸ ತುಂಬಿಯೇ ಇತ್ತೆಂಬ ಕಥೆ ವೀರಶೈವ ಪುರಾಣಗಳಲ್ಲಿದೆ. ನನಗೆ ಅವರಷ್ಟೇ ಆಪ್ತನೆನಿಸುವವನು ಅದೇ ಕಾಲದ ಶರಣ ಶಾಂತರಸ. ಅವನ ವಶದಲ್ಲಿದ್ದುದು ಹೊನ್ನಲ್ಲ, ಶರಣರ ವಚನಗಳ ಕಟ್ಟು. ಆದ್ದರಿಂದಲೇ ಪರಂಪರೆ ಅವನನ್ನು ವಚನ ಭಂಡಾರಿ ಎಂದಿತು. ಓಲೆಗರಿಗಳಿಗೂ ಕಾವಲುಗಾರ ಬೇಕೆಂದು ಆ ಕಾಲಕ್ಕೇ ತೋಚಿತ್ತಲ್ಲ!

ಉತ್ತರ ಕರ್ನಾಟಕದಲ್ಲಿ ಭಂಡಾರವೆಂದರೆ ಮೈಲಾರಲಿಂಗನ ಅರಿಸಿನ ಪುಡಿಯೂ ಹೌದು. ಮುಂಬೈಗೆ ಬಂದರೆ ಪದ ಮತ್ತೆ ಕವಲೊಡೆಯುತ್ತದೆ. ಹಡಗಿನಲ್ಲಿ ಖಲಾಸಿಗಳಿಗೆ ಬೇಯಿಸಿ ಹಾಕುವವನು ಭಂಡಾರಿ. ಕಳ್ಳು ಇಳಿಸುವ ಕುಲಕಸುಬಿನ ಭಂಡಾರಿ ಸಮುದಾಯದ ಹೆಸರನ್ನು ಕೆಲವರು ಬೊಕ್ಕಸಕ್ಕೆ, ಕೆಲವರು ಭಟ್ಟಿ ಇಳಿಸುವ ಕಸುಬಿಗೆ ಜೋಡಿಸುತ್ತಾರೆ.

ಮೂಲದ ಅರ್ಥ ಇನ್ನೂ ಗಟ್ಟಿಯಾಗಿ ಉಳಿದಿರುವುದು ತುಳುನಾಡಿನಲ್ಲಿ. ದೈವದ ಮೊಗ, ಖಡ್ಗ, ಒಡವೆಗಳು ವರ್ಷವಿಡೀ ಭಂಡಾರದ ಮನೆಯಲ್ಲಿರುತ್ತವೆ. ದೈವದ ಉತ್ಸವವಾದ ನೇಮದ ದಿನ ಅವು ಮೆರವಣಿಗೆಯಲ್ಲಿ ಹೊರಡುವುದಕ್ಕೆ ‘ಭಂಡಾರ ಹೊರಟಿತು’ ಎನ್ನುತ್ತಾರೆ. ನೇಮ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಅದೇ ಮನೆಗೆ ಒಪ್ಪಿಸಬೇಕು.