ಗರಗಸ ಓದುವ ತನಕ

ನಲಿ-ಕಲಿ ತರಗತಿಗೆ ಬಂದ ಮಗು ಮೊದಲು ಕಲಿಯುವ ಅಕ್ಷರ ರ. ಆಮೇಲೆ ಗ, ಸ, ದ. ಅ ಬರುವುದು ಐದನೆಯದಾಗಿ. ಡಿ.ಇಡಿ. ಪ್ರಶಿಕ್ಷಣಾರ್ಥಿಯಾಗಿ ಮೈಸೂರು ಕಡೆಯ ಒಂದು ಹಳ್ಳಿ ಶಾಲೆಗೆ ಹೋದಾಗ ನನಗೆ ಇದೇ ವಿಚಿತ್ರ ಅನ್ನಿಸಿತ್ತು. ಅ ಆ ಇ ಈ ತಿದ್ದಿ ಬೆಳೆದವಳು ನಾನು.

ನಮ್ಮ ವರ್ಣಮಾಲೆಯ ಕ್ರಮ ಅಚ್ಚುಕಟ್ಟಾದದ್ದು. ಗಂಟಲಲ್ಲಿ ಹುಟ್ಟುವ ಕ-ದಿಂದ ತುಟಿಯಲ್ಲಿ ಹುಟ್ಟುವ ಪ-ವರೆಗೆ ಅಲ್ಲಿ ಧ್ವನಿ ಹೊರಡುವ ಜಾಗದ ಲೆಕ್ಕವಿದೆ. ಆದರೆ ಆರು ವರ್ಷದ ಮಗು ಅ-ದಿಂದ ಅಃ-ವರೆಗೆ ತಿದ್ದಿ ಮುಗಿಸಿದರೂ ಓದಲು ಪದಗಳೇ ಸಿಗುವುದಿಲ್ಲ, ನಡುವೆ ಋ ಬಂದರೆ ಕೈ ಸೋಲುತ್ತದೆ. ರ, ಗ, ಸ, ದ, ಅ ಕಲಿತ ಮಗುವಿಗೆ ಅಷ್ಟರಲ್ಲೇ ಸರ, ದರ, ರಸ, ಅರಸ, ಅಗಸ, ಗರಗಸ ಎಲ್ಲ ಕೈಗೆ ಬರುತ್ತವೆ. ಕಾಗುಣಿತ ಬೇಕಿಲ್ಲ, ಒತ್ತಕ್ಷರವೂ ಬೇಕಿಲ್ಲ. ಮುಂದೆ ಜ, ವ, ಮ, ಬ, ನ ಸೇರಿದರೆ ಜನ, ಮರ, ವನ, ಬಸವ. ಈ ಜೋಡಣೆಯ ಹಿಂದಿನ ಬುದ್ಧಿಗೆ ನಾನು ಈಗಲೂ ತಲೆಬಾಗುತ್ತೇನೆ.

ಹಾಡು, ಚಿತ್ರ, ಕಾರ್ಡುಗಳ ಮೂಲಕ ಕಲಿಸುವ ಈ ನಲಿ-ಕಲಿ ಪದ್ಧತಿ ಶುರುವಾದದ್ದು 1995ರಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ಮದನಪಲ್ಲಿ ಹತ್ತಿರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ನಮ್ಮದೇ ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಿಂದ ಇದನ್ನು ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆಲ್ಲ ಬಂತು.

ನಾನು ಹೋದ ಕೊಠಡಿಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಿದ್ದರು. ತಲೆಯ ಮೇಲೆ ಕಲಿಕಾ ಚಪ್ಪರ, ಅದರಿಂದ ಇಳಿಬಿದ್ದ ಮಕ್ಕಳ ಚಿತ್ರಗಳು. ಗೋಡೆಯಲ್ಲಿ ಕಲಿಕಾ ಏಣಿ. ಏಣಿಯ ಮೆಟ್ಟಿಲಿಗೊಂದು ಚಿತ್ರ, ಅದೇ ಚಿತ್ರ ಕಾರ್ಡಿನ ಮೇಲೂ. ಇನ್ನೂ ಓದಲು ಬಾರದ ಮಗುವೂ ಚಿತ್ರ ನೋಡಿಕೊಂಡು ತನ್ನ ಕಾರ್ಡು ತೆಗೆದುಕೊಂಡು ಹೋಗಿ ತನ್ನ ಗುಂಪಿನಲ್ಲಿ ಕೂರುತ್ತದೆ. ಶಿಕ್ಷಕರ ಪೂರ್ತಿ ಸಹಾಯ ಬೇಕಾದವರು ಒಂದು ಕಡೆ, ಗೆಳೆಯರ ನೆರವು ಸಾಕೆನ್ನುವವರು ಇನ್ನೊಂದು ಕಡೆ, ತಾವೇ ಕಲಿಯುವವರು ಮತ್ತೊಂದು ಕಡೆ.

ನಾನು ರಾತ್ರಿಯೆಲ್ಲ ಕೂತು ಬರೆದ ಪಾಠಯೋಜನೆಯಲ್ಲಿ ಪೀಠಿಕೆ, ನಿರೂಪಣೆ, ಪುನರಾವರ್ತನೆ, ಗೃಹಪಾಠ ಎಲ್ಲ ಇತ್ತು. ಇಡೀ ತರಗತಿಗೆ ಒಂದೇ ಪಾಠ. ಆದರೆ ಆ ಕೊಠಡಿಯಲ್ಲಿ ಪ್ರತಿ ಮಗುವೂ ಬೇರೆ ಬೇರೆ ಮೆಟ್ಟಿಲಲ್ಲಿತ್ತು. ಮೊದಲ ವಾರ ಏನೂ ಮಾಡಬೇಡಿ, ಸುಮ್ಮನೆ ನೋಡಿ ಎಂದರು ಅಲ್ಲಿನ ಹಿರಿಯ ಮೇಡಂ.

ಅವರು ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಲಿಲ್ಲ. ಮಕ್ಕಳ ಮಟ್ಟಕ್ಕೆ ನೆಲದ ಮೇಲೆ ಕೂತು, ಒಂದು ಗುಂಪಿನಿಂದ ಇನ್ನೊಂದಕ್ಕೆ ಸರಿಯುತ್ತಿದ್ದರು. ಒಬ್ಬ ಹುಡುಗ ರ ಬರೆಯುವಾಗ ತಲೆಕಟ್ಟು ಬಿಡುತ್ತಿದ್ದ. ತಪ್ಪು ಅನ್ನದೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ರ ಬರೆದು, ಒಂದು ಮುಷ್ಟಿ ಹುಣಸೆಬೀಜ ಮುಂದಿಟ್ಟರು. ಅವನು ಗೆರೆಯ ಮೇಲೆ ಒಂದೊಂದೇ ಬೀಜ ಜೋಡಿಸುತ್ತ ಸುತ್ತಿ ಬಂದ. ಗುಂಡು ತುಂಬಿತು, ಕೈಯಲ್ಲಿ ಬೀಜ ಉಳಿಯಿತು. ಮೇಡಂ ಏನೂ ಹೇಳಲಿಲ್ಲ. ಹುಡುಗ ಅಕ್ಷರವನ್ನು ದಿಟ್ಟಿಸಿ, ತಾನೇ ಮೇಲೆ ತಲೆಕಟ್ಟು ಕಟ್ಟಿದ.

ಎರಡನೇ ವಾರ ನನ್ನ ಎದುರಿಗೆ ಒಬ್ಬ ಬಡಗಿಯ ಮಗ ಕೂತ. ಬೆರಳಿಟ್ಟು ಓದಿದ: ಗ... ರ... ಗ... ಸ. ನಾಲ್ಕೂ ಸರಿ. ಆದರೆ ಪದ ಕೂಡಲಿಲ್ಲ. ಮತ್ತೆ ಶುರುಮಾಡಿದ. ನನಗೆ ತಡೆಯಲಾಗಲಿಲ್ಲ, “ಗರಗಸ” ಅಂದೆ. ಅವನೂ “ಗರಗಸ” ಅಂದ, ಕಾರ್ಡು ಇಟ್ಟು ಎದ್ದು ಹೋದ.

ಊಟದ ಬಿಡುವಿನಲ್ಲಿ ಮೇಡಂ ಮೆಲ್ಲಗೆ ಹೇಳಿದರು: “ಅದು ಅವನ ಪದ ಕಣಮ್ಮ. ಅವರಪ್ಪ ದಿನಾ ಹಿಡಿಯೋ ಸಾಮಾನು. ಇನ್ನೊಂದು ಚೂರು ಕಾದಿದ್ದರೆ ಅವನೇ ಹೇಳ್ತಿದ್ದ.”

ಅವತ್ತಿನಿಂದ ನಾನು ಅವರ ಕಾಯುವಿಕೆಯನ್ನು ಗಮನಿಸತೊಡಗಿದೆ. ಎಲ್ಲ ಮಕ್ಕಳಿಗೂ ಅವರು ಒಂದೇ ಸಮ ಕಾಯುತ್ತಿರಲಿಲ್ಲ. ಮಗುವಿನ ಕಣ್ಣು ಅಕ್ಷರದ ಮೇಲಿದ್ದರೆ, ತುಟಿ ಅಲುಗುತ್ತಿದ್ದರೆ, ಎಷ್ಟು ಹೊತ್ತಾದರೂ ಸುಮ್ಮನಿರುತ್ತಿದ್ದರು. ಕಣ್ಣು ಕಾರ್ಡು ಬಿಟ್ಟು ಅವರ ಮುಖಕ್ಕೆ ಬಂದರೆ ಮಾತ್ರ ಒಂದು ಸುಳಿವು, ಅದೂ ಅರ್ಧ. ತುಟಿ ಬಿಗಿದು ಕಣ್ಣು ತುಂಬಿಕೊಂಡರೆ ಕಾರ್ಡನ್ನೇ ಬದಿಗಿಟ್ಟು ಹಾಡಿಗೆ ಎಬ್ಬಿಸುತ್ತಿದ್ದರು. ಇಪ್ಪತ್ತೆಂಟು ಮುಖಗಳಲ್ಲಿ ಈ ವ್ಯತ್ಯಾಸ ಹಿಡಿಯುವುದನ್ನು ನನಗೆ ಯಾವ ತರಬೇತಿ ಪುಸ್ತಕವೂ ಕಲಿಸಿರಲಿಲ್ಲ. ಸಂಜೆ ಮಕ್ಕಳ ಕಲಿಕೆಯನ್ನು ದಾಖಲಿಸುವ ‘ಪ್ರಗತಿ ನೋಟ’ ತುಂಬುವಾಗ ಯಾರು ಯಾವ ಪದದಲ್ಲಿ ತಡವರಿಸಿದರು ಎಂದು ಅವರು ನೆನಪಿನಿಂದಲೇ ಹೇಳುತ್ತಿದ್ದರು.

ನನ್ನ ಕೊನೆಯ ವಾರ ಒಬ್ಬಳು ಪುಟ್ಟ ಹುಡುಗಿ ಮರ ಎಂಬುದನ್ನು “ವರ” ಎಂದು ಓದಿದಳು. ಅವಳಿಗೆ ವ, ಮ ಎರಡೂ ಒಂದೇ ಥರ ಕಾಣುತ್ತಿದ್ದವು. ಸ್ಲೇಟಿನಲ್ಲಿ ವ ಬರೆಯಲು ಹೇಳಿದೆ. ಬರೆದಳು. ಪಕ್ಕದಲ್ಲಿ ಕಾರ್ಡು ಇಟ್ಟು ಸುಮ್ಮನೆ ಕೂತೆ. ಅಡುಗೆಕೋಣೆಯ ಕಡೆಯಿಂದ ಬಿಸಿಯೂಟದ ತಟ್ಟೆಗಳ ಸದ್ದು ಬರುತ್ತಿತ್ತು. ಅವಳ ಕಣ್ಣು ಸ್ಲೇಟಿಗೂ ಕಾರ್ಡಿಗೂ ಓಡಾಡುತ್ತಿತ್ತು. ಬಾಯಿಗೆ ಬಂದ ಪದವನ್ನು ನಾನು ಕಷ್ಟಪಟ್ಟು ನುಂಗಿಕೊಂಡೆ. ಬಹಳ ಹೊತ್ತಿನ ಮೇಲೆ ಅವಳು ಬಳಪ ಎತ್ತಿ, ತನ್ನ ವ-ದ ಬಲಗಡೆಗೆ ಒಂದು ಬಾಲ ಎಳೆದಳು.

“ಮ... ಮರ” ಅಂದಳು. ನನ್ನ ಮುಖವನ್ನೂ ನೋಡದೆ ಎದ್ದು, ಮುಂದಿನ ಚಿತ್ರ ಹುಡುಕಲು ಏಣಿಯ ಹತ್ತಿರ ಓಡಿದಳು.